ಕಬ್ಬಿಣದ ಕವಚ, ಬಟ್ಟೆಯ ಹಾಯಿ: ಮೊದಲ ಯುದ್ಧನೌಕೆಗಳ ವಿನ್ಯಾಸ

ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಯೂರೋಪಿನ ನೌಕಾಬಲ ನಿಂತಿದ್ದುದು ಮರದ ಹಡಗುಗಳ ಮೇಲೆ. ಗಟ್ಟಿ ಗುಂಡು ಬಡಿದರೆ ದಪ್ಪ ಓಕ್ ಹಲಗೆಯಲ್ಲಿ ತೂತು ಬೀಳುತ್ತಿತ್ತೇ ಹೊರತು ಹಡಗು ಸುಲಭವಾಗಿ ಮುಳುಗುತ್ತಿರಲಿಲ್ಲ. ಆದರೆ ಒಳಗೆ ಮದ್ದು ತುಂಬಿ ಸಿಡಿಯುವಂತೆ ಮಾಡಿದ ಶೆಲ್ ಬಳಕೆಗೆ ಬಂದಾಗ ಮರದ ಒಡಲು ಅದಕ್ಕೆ ತಾಳದಾಯಿತು. 1853ರಲ್ಲಿ ಕಪ್ಪು ಸಮುದ್ರದ ಸಿನೋಪ್ ಬಂದರಿನಲ್ಲಿ ರಷ್ಯದ ನೌಕಾಪಡೆ ಆಟೊಮನ್ ಹಡಗುಗಳ ತಂಡವೊಂದನ್ನು ಇಂಥ ಶೆಲ್‌ಗಳಿಂದ ನಾಶಮಾಡಿದ ಮೇಲೆ, ಹಡಗಿಗೆ ಕಬ್ಬಿಣದ ಕವಚ ತೊಡಿಸುವ ವಿಚಾರಕ್ಕೆ ಬಲ ಬಂದಿತು. 1859ರಲ್ಲಿ ಫ್ರಾನ್ಸ್ ಮರದ ಒಡಲಿಗೆ ಕಬ್ಬಿಣದ ಫಲಕ ಹೊದಿಸಿದ ‘ಗ್ಲ್ವಾರ್’ ನೌಕೆಯನ್ನು ನೀರಿಗಿಳಿಸಿತು. ಮರುವರ್ಷವೇ ಬ್ರಿಟನ್ ಒಡಲನ್ನೂ ಕಬ್ಬಿಣದಲ್ಲೇ ಕಟ್ಟಿದ ‘ವಾರಿಯರ್’ ನೌಕೆಯಿಂದ ಅದಕ್ಕೆ ಉತ್ತರ ಕೊಟ್ಟಿತು.

ವಾರಿಯರ್‌ನ ನಡುಭಾಗದ ಎರಡೂ ಬದಿಗಳಿಗೆ ನಾಲ್ಕೂವರೆ ಅಂಗುಲ ದಪ್ಪದ ಕಬ್ಬಿಣದ ಫಲಕಗಳನ್ನು ಜೋಡಿಸಿ, ಗುಂಡಿನ ಹೊಡೆತವನ್ನು ತಾಳಿಕೊಳ್ಳಲು ಅವುಗಳ ಹಿಂದೆ ಹದಿನೆಂಟು ಅಂಗುಲದ ತೇಗದ ಒತ್ತು ಕೊಡಲಾಗಿತ್ತು. ಉಗಿಯಂತ್ರವಿದ್ದರೂ ಈ ನೌಕೆ ಹಾಯಿಯನ್ನು ಕೈಬಿಟ್ಟಿರಲಿಲ್ಲ. ಅಂದಿನ ಯಂತ್ರಗಳು ಕಲ್ಲಿದ್ದಲನ್ನು ಧಾರಾಳವಾಗಿ ತಿನ್ನುತ್ತಿದ್ದುದರಿಂದ ದೂರದ ಪ್ರಯಾಣಕ್ಕೆ ಗಾಳಿಯ ನೆರವು ಬೇಕೇ ಬೇಕಿತ್ತು. ಹಾಯಿಯಲ್ಲಿ ಸಾಗುವಾಗ ನೀರಿನ ಸೆಳೆತ ತಗ್ಗಲೆಂದು ಸುಮಾರು 26 ಟನ್ ತೂಕದ ಪ್ರೊಪೆಲರನ್ನು ಹಗ್ಗ, ರಾಟೆಗಳಿಂದ ಒಡಲೊಳಗೆ ಮೇಲೆತ್ತಬೇಕಾಗಿತ್ತು. ಈ ಕೆಲಸಕ್ಕೆ 600 ನಾವಿಕರು ಒಟ್ಟಾಗಿ ಎಳೆಯಬೇಕಾಗಿತ್ತು. ಹೊಗೆಕೊಳವೆಗಳನ್ನೂ ಒಂದರೊಳಗೊಂದು ಸರಿಸಿ ಗಿಡ್ಡ ಮಾಡಬಹುದಾಗಿತ್ತು.

ಅಷ್ಟರಲ್ಲಿ ಫಿರಂಗಿಗಳ ಗಾತ್ರ ಬೆಳೆಯಿತು. ಬದಿಗಳುದ್ದಕ್ಕೂ ಹತ್ತಾರು ಸಣ್ಣ ಫಿರಂಗಿಗಳನ್ನು ಸಾಲಾಗಿ ಇಡುವುದಕ್ಕಿಂತ, ಕೆಲವೇ ಭಾರೀ ಫಿರಂಗಿಗಳನ್ನು ಟರೆಟ್‌ನಲ್ಲಿ, ಅಂದರೆ ಕವಚವುಳ್ಳ ತಿರುಗುಗೋಪುರದಲ್ಲಿ, ಇಟ್ಟು ಬೇಕಾದ ದಿಕ್ಕಿಗೆ ಹೊರಳಿಸುವುದು ಮೇಲೆಂಬ ಅಭಿಪ್ರಾಯ ಬೆಳೆಯತೊಡಗಿತು. ಅಮೆರಿಕದ ಅಂತರ್ಯುದ್ಧದಲ್ಲಿ, 1862ರ ಮಾರ್ಚ್ 9ರಂದು, ಒಂದೇ ಟರೆಟ್‌ನ ‘ಮಾನಿಟರ್’ ದಕ್ಷಿಣದವರ ಕವಚನೌಕೆ ‘ವರ್ಜಿನಿಯಾ’ವನ್ನು ಎದುರಿಸಿ ನಿಂತದ್ದು ಈ ವಾದಕ್ಕೆ ಪುಷ್ಟಿಕೊಟ್ಟಿತು. ಆದರೆ ನೀರಿನ ಮಟ್ಟಕ್ಕಿಂತ ಎರಡಡಿಯೂ ಮೇಲೇಳದ ಡೆಕ್ಕಿನ ಮಾನಿಟರ್ ಅದೇ ವರ್ಷದ ಕೊನೆಯಲ್ಲಿ ತೆರೆದ ಕಡಲಿನ ಬಿರುಗಾಳಿಗೆ ಸಿಕ್ಕಿ ಮುಳುಗಿತು. ಟರೆಟ್ ಬಹಳ ಭಾರದ್ದಾದ್ದರಿಂದ ಅದನ್ನು ಎತ್ತರದಲ್ಲಿಟ್ಟರೆ ಹಡಗು ತಲೆಭಾರವಾಗುತ್ತದೆ, ತಗ್ಗಿನಲ್ಲಿಟ್ಟರೆ ಅಲೆಗಳು ಡೆಕ್ಕಿನ ಮೇಲೆ ಹರಿಯುತ್ತವೆ. ಅದರ ಮೇಲೆ ಕೂವೆಕಂಬ, ಹಾಯಿಗಳನ್ನೂ ಹೊರಿಸಿದರೆ ತೊಡಕು ಇಮ್ಮಡಿಯಾಗುತ್ತದೆ.

ಬ್ರಿಟನ್ನಿನಲ್ಲಿ ಟರೆಟ್‌ನ ಮುಖ್ಯ ಪ್ರತಿಪಾದಕನಾಗಿದ್ದ ಕ್ಯಾಪ್ಟನ್ ಕೂಪರ್ ಕೋಲ್ಸ್ ಟರೆಟ್, ತಗ್ಗಿನ ಡೆಕ್ಕು, ಹಾಯಿ ಈ ಮೂರನ್ನೂ ಒಂದೇ ಹಡಗಿನಲ್ಲಿ ಕೂಡಿಸಲು ಹೊರಟನು. ನೌಕಾಪಡೆಯ ಮುಖ್ಯ ವಿನ್ಯಾಸಕ ಎಡ್ವರ್ಡ್ ರೀಡ್ ಆಕ್ಷೇಪಿಸಿದರೂ ಪತ್ರಿಕೆಗಳ ಮತ್ತು ಪಾರ್ಲಿಮೆಂಟಿನ ಬೆಂಬಲ ಕೋಲ್ಸ್‌ಗೆ ದೊರೆತು, ‘ಕ್ಯಾಪ್ಟನ್’ ಎಂಬ ಹೆಸರಿನ ನೌಕೆ ಬರ್ಕನ್‌ಹೆಡ್‌ನಲ್ಲಿ ಸಿದ್ಧವಾಯಿತು. ನೀರಿನ ಮಟ್ಟದಿಂದ ಡೆಕ್ಕಿನವರೆಗಿನ ಎತ್ತರ, ಅಂದರೆ ಫ್ರೀಬೋರ್ಡ್, ನಕ್ಷೆಯಲ್ಲಿ ಎಂಟಡಿ ಇದ್ದಿತು. ಕಟ್ಟುವಾಗ ತೂಕ ಮಿತಿಮೀರಿದ್ದರಿಂದ ಅದು ಸುಮಾರು ಆರೂವರೆ ಅಡಿಗೆ ಇಳಿಯಿತು. ವಾಲಿದ ಹಡಗನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ಬಲವನ್ನು, ವಾಲಿದ ಕಡೆ ನೀರಿಗಿಳಿಯುವ ಬದಿಗೋಡೆಯೇ ಒದಗಿಸುತ್ತದೆ. ಆ ಗೋಡೆ ಗಿಡ್ಡವಾಗಿದ್ದರೆ ಡೆಕ್ಕಿನ ಅಂಚು ಬೇಗನೆ ಮುಳುಗಿ ಬಲ ಕುಗ್ಗುತ್ತದೆ. ಕ್ಯಾಪ್ಟನ್‌ನಲ್ಲಿ ಈ ಬಲ ಸುಮಾರು 21 ಡಿಗ್ರಿ ವಾಲಿನಲ್ಲೇ ತುದಿಮುಟ್ಟಿ ಇಳಿಯುತ್ತಿದ್ದರೆ, ರೀಡ್ ವಿನ್ಯಾಸಗೊಳಿಸಿದ ಎತ್ತರದ ಬದಿಯ ಟರೆಟ್ ನೌಕೆ ‘ಮೊನಾರ್ಕ್’ನಲ್ಲಿ ಸುಮಾರು 40 ಡಿಗ್ರಿಯವರೆಗೂ ಹೆಚ್ಚುತ್ತಿತ್ತು. 1870ರ ಸೆಪ್ಟೆಂಬರ್ 7ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಸ್ಪೇನಿನ ಫಿನಿಸ್ಟೆರೆ ಭೂಶಿರದಾಚೆ ಬಿರುಗಾಳಿ ಎದ್ದಾಗ ಎರಡೂ ನೌಕೆಗಳು ಒಂದೇ ಪಡೆಯಲ್ಲಿದ್ದವು. ಮೊನಾರ್ಕ್ ಉಳಿಯಿತು, ಹಾಯಿ ಹೊತ್ತ ಕ್ಯಾಪ್ಟನ್ ಮಗುಚಿಕೊಂಡಿತು. ಕೋಲ್ಸ್‌ನೂ ಸೇರಿ ಸುಮಾರು 480 ಮಂದಿ ಸತ್ತರು, ಹದಿನೆಂಟು ಮಂದಿ ಮಾತ್ರ ಬದುಕಿದರು. ತಜ್ಞರ ಅಭಿಪ್ರಾಯವನ್ನು ಬದಿಗಿರಿಸಿ ಲೋಕಾಭಿಪ್ರಾಯಕ್ಕೆ ಮಣಿದು ಈ ಹಡಗನ್ನು ಕಟ್ಟಲಾಯಿತೆಂದು ನೌಕಾ ನ್ಯಾಯಮಂಡಲಿ ದಾಖಲಿಸಿತು.

ರೀಡ್‌ನ ಇನ್ನೊಂದು ವಿನ್ಯಾಸವಾದ ‘ಡೆವಸ್ಟೇಷನ್’ 1873ರಲ್ಲಿ ಸಿದ್ಧವಾದಾಗ ಅದರಲ್ಲಿ ಎರಡು ಟರೆಟ್‌ಗಳಿದ್ದವು, ಕಲ್ಲಿದ್ದಲಿಗೆ ದೊಡ್ಡ ಕೋಣೆಗಳಿದ್ದವು. ಹಾಯಿ ಮಾತ್ರ ಇರಲಿಲ್ಲ. ಕೂವೆ, ಹಗ್ಗಗಳ ಅಡ್ಡಿ ತಪ್ಪಿದ್ದರಿಂದ ಅದರ ಫಿರಂಗಿಗಳು ಹೆಚ್ಚಿನ ದಿಕ್ಕುಗಳಿಗೆ ಗುರಿಯಿಡಬಲ್ಲವಾದವು. 1906ರಲ್ಲಿ ಹತ್ತು ಭಾರೀ ಫಿರಂಗಿಗಳನ್ನು ಐದು ಟರೆಟ್‌ಗಳಲ್ಲಿ ಹೊತ್ತು, ಉಗಿ ಟರ್ಬೈನಿನಿಂದ ಗಂಟೆಗೆ 21 ನಾಟಿಕಲ್ ಮೈಲಿ ವೇಗದಲ್ಲಿ ಸಾಗಿದ ‘ಡ್ರೆಡ್‌ನಾಟ್’ ನೌಕೆ ಈ ಹಾದಿಯಲ್ಲಿಯೇ ಬಂದದ್ದು. ಆರಂಭದ ಯುದ್ಧನೌಕೆಗಳ ಚರಿತ್ರೆಯನ್ನು ಸಾಮಾನ್ಯವಾಗಿ ಫಿರಂಗಿ ಮತ್ತು ಕವಚಗಳ ಪೈಪೋಟಿಯೆಂದು ಹೇಳುವುದುಂಟು. ಆದರೆ ಅವುಗಳ ಆಕಾರವನ್ನು ಅಷ್ಟೇ ಮಟ್ಟಿಗೆ ನಿರ್ಧರಿಸಿದ್ದು ತೂಕವನ್ನು ಎಲ್ಲಿ ಇಡಬೇಕು, ಯಾವುದನ್ನು ಕೈಬಿಡಬೇಕು ಎಂಬ ಲೆಕ್ಕಾಚಾರ, ಮತ್ತು ಆ ಲೆಕ್ಕವನ್ನು ಕಡೆಗಣಿಸಿದ್ದಕ್ಕೆ ತೆತ್ತ ಬೆಲೆ.