ಹವಳಕ್ಕೆ ಪಾಚಿ ಮಿತ್ರನೋ, ಶತ್ರುವೋ?

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ನ ಮನೆಯೊಂದರ ಕೆಲಸದಾಕೆಗೆ 1846ರಲ್ಲಿ ವಿಚಿತ್ರ ಕೆಲಸವೊಂದು ಗಂಟುಬಿದ್ದಿತ್ತು. ತೆರೆದ ಕಿಟಕಿಯ ಮುಂದೆ ನಿಂತು ಸಮುದ್ರದ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಅರ್ಧ, ಮುಕ್ಕಾಲು ಗಂಟೆ ಸುರಿಯುತ್ತಿರಬೇಕು. ಮನೆಯೊಡತಿ ಆ್ಯನಾ ಥಿನ್ ಅವರು ಟಾರ್ಕೀ ಕಡಲತೀರದಿಂದ ತಂದ ಪುಟ್ಟ ಹವಳಗಳಿಗಾಗಿ ನೀರಿಗೆ ಗಾಳಿ ಬೆರೆಸುವ ಉಪಾಯವಿದು. ಮರುವರ್ಷ ಅವರು ಕಡಲಪಾಚಿ ಬೆಳೆದಿದ್ದ ಕಲ್ಲಿನ ಚೂರುಗಳನ್ನು ತರಿಸಿ ಅದೇ ನೀರಿಗೆ ಹಾಕಿದರು. ಬೆಳಕಿನಲ್ಲಿ ಪಾಚಿ ಆಮ್ಲಜನಕ ಬಿಟ್ಟಿತು. ಕಡಲಿನಿಂದ ದೂರದ ನಗರದಲ್ಲಿ ಹವಳ ಬದುಕಿತು.

ಹೀಗೆ ಗಾಜಿನ ತೊಟ್ಟಿಯ ಹವಳಕ್ಕೆ ಮೊದಲ ಆಸರೆಯಾದದ್ದೇ ಪಾಚಿ. ಆದರೆ ಇಂದು ಹವಳದ ಅಕ್ವೇರಿಯಂ ಇಟ್ಟುಕೊಂಡವರ ದೊಡ್ಡ ತಲೆನೋವೂ ಅದೇ. ಕೂದಲಿನಂತೆ ಎಳೆಯೆಳೆಯಾಗಿ ಬೆಳೆಯುವ ಹಸಿರು ಪಾಚಿ, ಕೆಂಪು ಲೋಳೆ, ಕಂದು ಪೊರೆ ಕಲ್ಲನ್ನು ಮುಚ್ಚಿ ಹವಳದ ಮೇಲೇರುತ್ತವೆ. ಪ್ರಾಣ ಉಳಿಸಿದ ಪಾಚಿ ಪ್ರಾಣಕ್ಕೇ ಎರವಾದದ್ದು ಹೇಗೆ?

ಉತ್ತರದ ಮೊದಲ ಸುಳಿವು ಲಂಡನ್ನಿನಲ್ಲೇ ಸಿಕ್ಕಿತ್ತು. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಸಿಹಿನೀರಿನ ತೊಟ್ಟಿಯಲ್ಲಿ ಹೊಂಬಣ್ಣದ ಮೀನು ಮತ್ತು ಜಲಸಸ್ಯಗಳನ್ನು ಒಟ್ಟಿಗೆ ಬೆಳೆಸಿದ. ಸ್ವಲ್ಪ ದಿನಕ್ಕೆ ಎಲೆಗಳು ಕೊಳೆತು, ಗಾಜಿನ ಮೇಲೆ ಹಸಿರು ಲೋಳೆ ಹಬ್ಬಿ ನೀರು ಮಬ್ಬಾಯಿತು. ಆಗ ಅವನು ಕೆರೆಯ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆಯನ್ನೂ ಲೋಳೆಯನ್ನೂ ತಿಂದು ತೊಟ್ಟಿಯನ್ನು ಸ್ವಸ್ಥಿತಿಗೆ ತಂದವು. 1850ರಲ್ಲಿ ಅವನು ಪ್ರಕಟಿಸಿದ ಈ ವಿವರದ ಸಾರ ಇಷ್ಟೇ: ಬೆಳೆಯುವವರಿದ್ದರೆ ಸಾಲದು, ತಿನ್ನುವವರೂ ಇರಬೇಕು.

ಥಿನ್ ಅವರದು ತಣ್ಣೀರಿನ ಹವಳ. ಹವಳದ ದಿಬ್ಬ ಕಟ್ಟುವ ಉಷ್ಣವಲಯದ ಹವಳಗಳ ರೀತಿಯೇ ಬೇರೆ. ಅವುಗಳ ದೇಹದೊಳಗೇ ಒಂದೇ ಜೀವಕೋಶದ ಪಾಚಿಗಳು ವಾಸಿಸುತ್ತವೆ. ಹವಳದ ತ್ಯಾಜ್ಯ ಪಾಚಿಗೆ ಗೊಬ್ಬರ. ಪಾಚಿ ಬೆಳಕಿನಿಂದ ತಯಾರಿಸುವ ಸಕ್ಕರೆ ಹವಳಕ್ಕೆ ಊಟ. ನೀರು ಬಿಸಿಯಾಗಿ ಈ ಪಾಚಿ ಹೊರಬಿದ್ದರೆ ಹವಳ ಬಿಳಿಚಿಕೊಳ್ಳುತ್ತದೆ. ಅದೇ ಸ್ಥಿತಿ ಮುಂದುವರಿದರೆ ಹಸಿದು ಸಾಯುತ್ತದೆ. ಒಳಗಿನ ಪಾಚಿ ಹೀಗೆ ಅನ್ನದಾತ, ಹೊರಗಿನ ಪಾಚಿ ಜಾಗಕ್ಕಾಗಿ ಜಗಳವಾಡುವ ನೆರೆಮನೆಯಾತ.

ಇಂಥ ಹವಳವನ್ನು ತೊಟ್ಟಿಯಲ್ಲಿ ಉಳಿಸುವ ದಾರಿಯನ್ನು ಜಕಾರ್ತದ ಲೀ ಚಿನ್ ಎಂಗ್ 1961ರಲ್ಲಿ ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ವಿವರಿಸಿದರು. ಸೂಕ್ಷ್ಮಜೀವಿಗಳಿಂದ ತುಂಬಿದ ಕಡಲ ಕಲ್ಲು, ಬಿಸಿಲು, ಗಾಳಿಯ ಗುಳ್ಳೆ - ಅವರ ಸಾಮಗ್ರಿ ಇಷ್ಟೇ. 1980ರ ದಶಕದಲ್ಲಿ ಯುರೋಪು, ಅಮೆರಿಕಗಳಲ್ಲಿ ದೊಡ್ಡ ಶೋಧಕಗಳು ಬಂದವು. ಅವು ಮೀನಿನ ವಿಷಕಾರಿ ತ್ಯಾಜ್ಯವಾದ ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಿಸುತ್ತಿದ್ದವು. ಮೀನಿಗೇನೋ ಕ್ಷೇಮ. ಆದರೆ ನೈಟ್ರೇಟ್ ಎಂದರೆ ಹೊಲಕ್ಕೆ ಹಾಕುವ ಗೊಬ್ಬರದ ಸತ್ವವೇ ಅಲ್ಲವೆ? ಪಾಚಿ ಹುಲುಸಾಗಿ ಬೆಳೆಯಿತು. ನೊರೆ ಎಬ್ಬಿಸಿ, ಕೊಳೆ ಗೊಬ್ಬರವಾಗುವ ಮೊದಲೇ ಹೊರಗೆಳೆಯುವ ಸ್ಕಿಮರ್ ಯಂತ್ರವನ್ನು ಜರ್ಮನಿಯ ಹವ್ಯಾಸಿಗಳು ನೆಚ್ಚಿಕೊಂಡರು. ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ವಾಲ್ಟರ್ ಏಡೀ ಪಾಚಿಯನ್ನೇ ದುಡಿಸಿಕೊಂಡರು. ಪಕ್ಕದ ಜಾಲರಿಯ ಮೇಲೆ ಪ್ರಖರ ಬೆಳಕಿನಲ್ಲಿ ಪಾಚಿ ಬೆಳೆಸಿ, ಅದು ನೀರಿನ ಗೊಬ್ಬರವನ್ನು ಹೀರಿದ ಮೇಲೆ ಕೆರೆದು ಎಸೆಯುವುದು ಅವರ ವಿಧಾನ.

ತೊಟ್ಟಿಯಲ್ಲಿ ನಡೆದದ್ದೇ ಕಡಲಲ್ಲೂ ನಡೆಯಬಹುದು ಎಂಬುದನ್ನು ಕೆರಿಬಿಯನ್ ಸಮುದ್ರ ತೋರಿಸಿಕೊಟ್ಟಿತು. ಜಮೈಕಾದಲ್ಲಿ ಪಾಚಿ ಮೇಯುವ ಮೀನುಗಳು ದಶಕಗಳ ಅತಿ ಮೀನುಗಾರಿಕೆಯಿಂದ ವಿರಳವಾಗಿದ್ದವು. ಮೇಯುವ ಕೆಲಸವೆಲ್ಲ ಉದ್ದ ಮುಳ್ಳುಗಳ ಕಪ್ಪು ಚೆಂಡಿನಂಥ ಸಮುದ್ರ ಅರ್ಚಿನ್‌ಗಳ ಪಾಲಿಗೆ ಬಂದಿತ್ತು. 1980ರ ಅಲೆನ್ ಚಂಡಮಾರುತ ಹವಳವನ್ನು ಮುರಿದುಹಾಕಿತು. 1983ರಲ್ಲಿ ಪನಾಮಾ ಬಳಿ ಕಾಣಿಸಿಕೊಂಡ ರೋಗವೊಂದು ಸುಮಾರು ಒಂದು ವರ್ಷದಲ್ಲಿ ಕೆರಿಬಿಯನ್ನಿನ ಬಹುಪಾಲು ಅರ್ಚಿನ್‌ಗಳನ್ನು ಕೊಂದಿತು. ಪರಿಣಾಮವನ್ನು ವಿಜ್ಞಾನಿ ಟೆರಿ ಹ್ಯೂಸ್ 1994ರಲ್ಲಿ ಲೆಕ್ಕ ಹಾಕಿ ಹೇಳಿದರು. 1977ರಲ್ಲಿ ಜಮೈಕಾದ ದಿಬ್ಬಗಳ ಶೇ 52ರಷ್ಟನ್ನು ಆವರಿಸಿದ್ದ ಹವಳ 1990ರ ದಶಕದ ಆರಂಭಕ್ಕೆ ಶೇ 3ಕ್ಕೆ ಕುಸಿದಿತ್ತು. ಪಾಚಿ ಶೇ 4ರಿಂದ ಶೇ 92ಕ್ಕೇರಿತ್ತು.

ಪಾಚಿ ಹವಳವನ್ನು ಕೊಲ್ಲುವುದು ಮೇಲೆ ಹಬ್ಬಿಯೇ ಆಗಬೇಕಿಲ್ಲ. ಜೆನಿಫರ್ ಸ್ಮಿತ್, ಫಾರೆಸ್ಟ್ ರೋವರ್ ಮತ್ತು ಸಂಗಡಿಗರು ಹವಳ ಮತ್ತು ಪಾಚಿಗಳ ನಡುವೆ ಬ್ಯಾಕ್ಟೀರಿಯಾ ಕೂಡ ನುಸುಳದಷ್ಟು ಸೂಕ್ಷ್ಮ ಜಾಲರಿ ಇಟ್ಟು ಪ್ರಯೋಗ ನಡೆಸಿದರು. ಆದರೂ ಹವಳ ಸತ್ತಿತು. ನೀರಿಗೆ ಆ್ಯಂಪಿಸಿಲಿನ್ ಎಂಬ ಔಷಧ ಬೆರೆಸಿದಾಗ ಉಳಿಯಿತು. ಪಾಚಿ ಒಸರುವ ಪದಾರ್ಥಗಳು ಹವಳದ ಮೈಮೇಲಿನ ಬ್ಯಾಕ್ಟೀರಿಯಾಗಳನ್ನು ಕೊಬ್ಬಿಸುತ್ತವೆ, ಅವು ಹವಳಕ್ಕೆ ಮುಳುವಾಗುತ್ತವೆ ಎಂದು 2006ರಲ್ಲಿ ಈ ತಂಡ ವಿವರಿಸಿತು.

ಹಾಗೆಂದು ನೀರಿನಲ್ಲಿ ಗೊಬ್ಬರದ ಸುಳಿವೇ ಇಲ್ಲದಂತೆ ಮಾಡಿದರೆ? ಅದೂ ಅಪಾಯವೇ. ಫಾಸ್ಫೇಟ್ ತೀರಾ ಕಡಿಮೆಯಾಗಿ ನೈಟ್ರೇಟ್ ಹೆಚ್ಚಿದ್ದರೆ ಹವಳ ಬಿಳಿಚುವ ಸಂಭವ ಹೆಚ್ಚೆಂದು ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದರು. ಪಾಚಿಗೆ ವಿಷ ಹಾಕುವುದೂ ಜಾಣತನವಲ್ಲ. ತಾಮ್ರದ ಔಷಧ ಪಾಚಿಯೊಂದಿಗೆ ಹವಳ, ಬಸವನಹುಳುಗಳನ್ನೂ ಮುಗಿಸುತ್ತದೆ. ಮೀನಿಗೆ ಮಿತವಾಗಿ ಆಹಾರ, ಶುದ್ಧೀಕರಿಸಿದ ನೀರು, ಅಳತೆಯ ಬೆಳಕು, ಕೈಯಿಂದ ಕಿತ್ತು ತೆಗೆಯುವ ತಾಳ್ಮೆ, ಜೊತೆಗೆ ಪಾಚಿ ಮೇಯುವ ಜೀವಿಗಳು - ಅನುಭವಿಗಳು ನಂಬುವುದು ಇವನ್ನೇ.

ಈ ಹವ್ಯಾಸಕ್ಕೆ ಕಡಲು ತೆತ್ತ ಬೆಲೆಯೂ ಇದೆ. ತೊಟ್ಟಿಯಲ್ಲಿ ಸತ್ತ ಹವಳಗಳಲ್ಲಿ ಬಹಳಷ್ಟು ದಿಬ್ಬಗಳಿಂದ ಕಿತ್ತು ತಂದವು. ಭಾರತದಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪರಿಚ್ಛೇದದ ರಕ್ಷಣೆ ದೊರೆಯಿತು. ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತಲಿನ ಹವಳಗಳನ್ನು ಕೀಳುವುದೂ ಹೀಗಾಗಿ ಅಪರಾಧ.

ಈಗ ಸಾಲ ತೀರಿಸುವ ಸರದಿ ತೊಟ್ಟಿಯದು. 2023ರ ಬೇಸಿಗೆಯಲ್ಲಿ ಫ್ಲಾರಿಡಾದ ಕಡಲು ಅತಿಯಾಗಿ ಕಾದಾಗ, ಅಲ್ಲಿನ ಹವಳದ ನರ್ಸರಿಗಳಿಂದ ಸಾವಿರಾರು ತುಣುಕುಗಳನ್ನು ನೆಲದ ಮೇಲಿನ ತೊಟ್ಟಿಗಳಿಗೆ ಸಾಗಿಸಿ ಕಾಪಾಡಲಾಯಿತು. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದ ಅಕ್ವೇರಿಯಂನಲ್ಲಿ ಋತುಮಾನ, ಚಂದ್ರನ ಬೆಳಕುಗಳನ್ನು ಅನುಕರಿಸಿ ಹವಳಗಳು ಮೊಟ್ಟೆಯಿಡುವಂತೆ ಮಾಡಿದ್ದಾರೆ. ಆದರೆ ಕೆಲವೇ ಮಿಲಿಮೀಟರ್ ಗಾತ್ರದ ಮರಿ ಹವಳವನ್ನು ಪಾಚಿ ಸುಲಭವಾಗಿ ಮುಚ್ಚಿಬಿಡುತ್ತದೆ. ಜೇಮೀ ಕ್ರ್ಯಾಗ್ಸ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪರಿಹಾರ ಸರಳವಾದದ್ದು: ಮರಿ ಹವಳದ ಜೊತೆಗೇ ಪುಟ್ಟ ಸಮುದ್ರ ಅರ್ಚಿನ್‌ಗಳನ್ನೂ ಬೆಳೆಸುವುದು. ಅವು ಪಾಚಿ ಮೇಯುತ್ತವೆ, ಹೆಚ್ಚು ಮರಿಗಳು ಉಳಿಯುತ್ತವೆ. ವಾರಿಂಗ್ಟನ್ನನ ಬಸವನಹುಳು ಮಾಡಿದ ಕೆಲಸವನ್ನೇ ಅದೇ ಊರಿನಲ್ಲಿ, 169 ವರ್ಷಗಳ ನಂತರ, ಅರ್ಚಿನ್ ಮಾಡಿತು. ಪಾಚಿ ಮಿತ್ರನೋ ಶತ್ರುವೋ ಎಂಬುದನ್ನು ನಿರ್ಧರಿಸುವುದು ಪಾಚಿಯಲ್ಲ. ಅದಕ್ಕೆ ಸಿಗುವ ಗೊಬ್ಬರವೆಷ್ಟು, ಅದನ್ನು ಮೇಯುವವರೆಷ್ಟು ಎಂಬ ಲೆಕ್ಕ. ಆ ಲೆಕ್ಕ ಗಾಜಿನ ತೊಟ್ಟಿಗೂ ಕಡಲಿಗೂ ಒಂದೇ.