ಟೇಕಿಂಗ್ ವುಡ್‌ಸ್ಟಾಕ್ (ಚಲನಚಿತ್ರ)

ಟೇಕಿಂಗ್ ವುಡ್‌ಸ್ಟಾಕ್ ೨೦೦೯ರಲ್ಲಿ ಬಿಡುಗಡೆಯಾದ, ಇಂಗ್ಲಿಷ್ ಭಾಷೆಯ ಅಮೆರಿಕನ್ ಚಲನಚಿತ್ರ. ತೈವಾನ್ ಸಂಜಾತ ಆಂಗ್ ಲೀ ಇದರ ನಿರ್ದೇಶಕರು. ಚಿತ್ರಕಥೆ ಜೇಮ್ಸ್ ಶಾಮಸ್ ಅವರದು. ಎಲಿಯಟ್ ಟೈಬರ್ ಅವರು ಟಾಮ್ ಮಾಂಟೆ ಅವರೊಡನೆ ಬರೆದ ಆತ್ಮಕಥನವನ್ನು ಇದು ಆಧರಿಸಿದೆ. ೧೯೬೯ರ ವುಡ್‌ಸ್ಟಾಕ್ ಸಂಗೀತೋತ್ಸವಕ್ಕೆ ನೆಲೆ ದೊರೆತ ಬಗೆಯೇ ಚಿತ್ರದ ವಸ್ತು.

ಹಿನ್ನೆಲೆ

ಶಾಂತಿ ಮತ್ತು ಸಂಗೀತದ ಹೆಸರಿನಲ್ಲಿ ಯೋಜಿಸಲಾಗಿದ್ದ ಈ ಉತ್ಸವಕ್ಕೆ ನ್ಯೂಯಾರ್ಕ್ ರಾಜ್ಯದ ವಾಲ್‌ಕಿಲ್ ಪಟ್ಟಣವು ಜುಲೈ ತಿಂಗಳಲ್ಲಿ ಅನುಮತಿ ನಿರಾಕರಿಸಿತು. ಕೊನೆಗೆ ಬೆಥೆಲ್‌ನ ಹೈನುಗಾರ ಮ್ಯಾಕ್ಸ್ ಯಾಸ್ಗರ್ ತಮ್ಮ ಜಮೀನನ್ನು ಬಾಡಿಗೆಗೆ ಕೊಟ್ಟರು. ಬೇಲಿಯ ಕೆಲಸ ಮುಗಿಯುವ ಮೊದಲೇ ಜನ ಬಂದು ಸೇರಿದ್ದರಿಂದ ಟಿಕೆಟ್ ಕೇಳುವಂತಿರಲಿಲ್ಲ. ಉತ್ಸವ ಉಚಿತವಾಯಿತು, ಸಂಘಟಕರು ಸಾಲಗಾರರಾದರು. ಸೇರಿದವರು ನಾಲ್ಕು ಲಕ್ಷಕ್ಕೂ ಹೆಚ್ಚೆಂದು ಅಂದಾಜು.

ಕಥಾಸಾರ

ಎಲಿಯಟ್ (ಡೆಮೆಟ್ರಿ ಮಾರ್ಟಿನ್) ತಂದೆತಾಯಿಯರ ಸಾಲಪೀಡಿತ ಮೋಟೆಲನ್ನು ಉಳಿಸಿಕೊಳ್ಳಲು ಊರಿಗೆ ಬಂದಿರುವ ತರುಣ. ಸ್ಥಳೀಯ ವಾಣಿಜ್ಯ ಮಂಡಳಿಯ ಮುಖ್ಯಸ್ಥನಾಗಿ ಅವನ ಬಳಿ ಸಂಗೀತ ಕಾರ್ಯಕ್ರಮದ ಪರವಾನಗಿಯಿರುತ್ತದೆ. ಅದನ್ನು ಅವನು ಸಂಘಟಕ ಮೈಕೇಲ್ ಲ್ಯಾಂಗ್‌ಗೆ (ಜೊನಾಥನ್ ಗ್ರಾಫ್) ನೀಡಲು ಮುಂದಾಗುತ್ತಾನೆ. ಮೋಟೆಲ್ ತುಂಬುತ್ತದೆ, ಊರವರಲ್ಲಿ ಕೆಲವರು ಮುನಿಯುತ್ತಾರೆ. ಬರುವ ಜನರ ಪ್ರಮಾಣ ತಿಳಿದಾಗ ಯಾಸ್ಗರ್ (ಯೂಜೀನ್ ಲೆವಿ) ಬಾಡಿಗೆ ಏರಿಸುತ್ತಾನೆ. ಇಮೆಲ್ಡಾ ಸ್ಟಾಂಟನ್ ನಟಿಸಿರುವ ತಾಯಿಯ ಪಾತ್ರ ಚಿತ್ರದ ಅತ್ಯಂತ ಕಟುವಾದ ಎಳೆ. ಮನೆ ಹರಾಜಿಗೆ ಬರುವಂತಿದ್ದರೂ ಆಕೆ ಹಣವನ್ನು ಬಚ್ಚಿಟ್ಟಿದ್ದಳೆಂಬುದು ಮಗನಿಗೆ ಕೊನೆಯಲ್ಲಷ್ಟೇ ತಿಳಿಯುತ್ತದೆ.

ನಿರೂಪಣೆ

ಸಂಗೀತೋತ್ಸವದ ಚಿತ್ರವಾದರೂ ಇದರಲ್ಲಿ ಗಾಯಕರು ಕಾಣಿಸುವುದಿಲ್ಲ. ಮೊದಲ ದಿನ ಮಳೆಯಲ್ಲಿ ಸಿತಾರ್ ನುಡಿಸಿದ ರವಿಶಂಕರ್ ಆಗಲಿ, ಜಿಮಿ ಹೆಂಡ್ರಿಕ್ಸ್ ಆಗಲಿ ತೆರೆಯ ಮೇಲೆ ಬರುವುದಿಲ್ಲ; ವೇದಿಕೆ ದೂರದ ಬೆಳಕು ಮತ್ತು ಧ್ವನಿಯಾಗಿಯೇ ಉಳಿಯುತ್ತದೆ. ವೇದಿಕೆಯನ್ನು ಮೈಕೇಲ್ ವಾಡ್ಲಿ ಅವರ ೧೯೭೦ರ ಸಾಕ್ಷ್ಯಚಿತ್ರ 'ವುಡ್‌ಸ್ಟಾಕ್' ಆಗಲೇ ದಾಖಲಿಸಿತ್ತು. ಆ ಸಾಕ್ಷ್ಯಚಿತ್ರದಂತೆಯೇ ತೆರೆಯನ್ನು ಭಾಗಗಳಾಗಿ ಸೀಳುವ ತಂತ್ರವನ್ನು ಲೀ ಇಲ್ಲಿ ಬಳಸಿದ್ದಾರೆ. ಅಂತ್ಯದಲ್ಲಿ, ಕೆಸರಾದ ಬಯಲಿನಲ್ಲಿ ಕುದುರೆಯೇರಿ ಬರುವ ಲ್ಯಾಂಗ್, ರೋಲಿಂಗ್ ಸ್ಟೋನ್ಸ್ ತಂಡದ ಮುಂದಿನ ಉಚಿತ ಕಛೇರಿಯ ಕುರಿತು ಉತ್ಸಾಹದಿಂದ ಹೇಳುತ್ತಾನೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಆಲ್ಟಮಾಂಟ್‌ನಲ್ಲಿ ನಡೆದ ಆ ಕಛೇರಿಯಲ್ಲಿ ಪ್ರೇಕ್ಷಕನೊಬ್ಬ ಇರಿತಕ್ಕೊಳಗಾಗಿ ಸತ್ತದ್ದನ್ನು ಬಲ್ಲವರಿಗೆ ಮಾತ್ರ ಆ ಮಾತಿನ ವ್ಯಂಗ್ಯ ಹೊಳೆಯುತ್ತದೆ.

ಪ್ರತಿಕ್ರಿಯೆ

ಚಿತ್ರವು ೨೦೦೯ರ ಕಾನ್ ಚಲನಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿ ಪ್ರದರ್ಶಿತವಾಯಿತು. ವಿಮರ್ಶೆಗಳು ಮಿಶ್ರವಾಗಿದ್ದವು, ಗಳಿಕೆ ವೆಚ್ಚಕ್ಕಿಂತ ಬಹಳ ಕಡಿಮೆಯಾಯಿತು. ಉತ್ಸವದಲ್ಲಿ ತಮ್ಮ ಪಾತ್ರದ ಬಗ್ಗೆ ಟೈಬರ್ ಹೇಳಿಕೊಂಡ ಸಂಗತಿಗಳನ್ನು ಸ್ವತಃ ಲ್ಯಾಂಗ್ ಒಪ್ಪಿರಲಿಲ್ಲ. ಆದ್ದರಿಂದ ಈ ಚಿತ್ರವನ್ನು ಇತಿಹಾಸದ ಆಕರವಾಗಿ ಬಳಸುವಾಗ ಎಚ್ಚರ ಅಗತ್ಯ.