ಅಂಡರ್ ದ ಗನ್ (೨೦೧೬ರ ಸಾಕ್ಷ್ಯಚಿತ್ರ)

ಅಂಡರ್ ದ ಗನ್ ೨೦೧೬ರಲ್ಲಿ ತೆರೆಕಂಡ ಅಮೆರಿಕದ ಸಾಕ್ಷ್ಯಚಿತ್ರ. ಆ ದೇಶದ ಬಂದೂಕು ಹಿಂಸಾಚಾರ ಮತ್ತು ಬಂದೂಕು ನಿಯಂತ್ರಣ ಕುರಿತ ಚರ್ಚೆ ಇದರ ವಸ್ತು. ಸ್ಟೆಫನಿ ಸೋಕ್ಟಿಗ್ ಇದರ ನಿರ್ದೇಶಕಿ. ಪತ್ರಕರ್ತೆ ಕೇಟಿ ಕೌರಿಕ್ ಕಾರ್ಯಕಾರಿ ನಿರ್ಮಾಪಕಿ ಹಾಗೂ ನಿರೂಪಕಿ. ಜನವರಿಯಲ್ಲಿ ಸನ್‌ಡ್ಯಾನ್ಸ್ ಚಲನಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡ ಚಿತ್ರವು ಮೇ ತಿಂಗಳಿನಲ್ಲಿ ಎಪಿಕ್ಸ್ ವಾಹಿನಿಯಲ್ಲಿ ಪ್ರಸಾರವಾಯಿತು. ಬಂದೂಕು ಮಾಲೀಕರ ಸಂದರ್ಶನವೊಂದನ್ನು ಸಂಕಲನದಲ್ಲಿ ಬದಲಿಸಿದ್ದು ವಿವಾದಕ್ಕೆ ಕಾರಣವಾಯಿತು.

ಹಿನ್ನೆಲೆ

೧೯೯೩ರ ಬ್ರೇಡಿ ಕಾಯಿದೆಯ ಪ್ರಕಾರ, ಪರವಾನಗಿ ಪಡೆದ ವ್ಯಾಪಾರಿಯಿಂದ ಬಂದೂಕು ಕೊಳ್ಳುವವರ ಪೂರ್ವಾಪರ ಪರಿಶೀಲನೆ ಕಡ್ಡಾಯ. ಪರವಾನಗಿಯಿಲ್ಲದ ಖಾಸಗಿ ಮಾರಾಟಗಾರರಿಗೆ ಈ ನಿಯಮ ಅನ್ವಯಿಸುತ್ತಿರಲಿಲ್ಲ. ಪರಿಶೀಲನೆಯನ್ನು ಎಲ್ಲ ಮಾರಾಟಗಳಿಗೂ ವಿಸ್ತರಿಸಬೇಕೆ ಎಂಬುದು ಚಿತ್ರವು ಎತ್ತಿಕೊಂಡ ಮುಖ್ಯ ಪ್ರಶ್ನೆಗಳಲ್ಲೊಂದು.

ಸಂದರ್ಶನದ ಸಂಕಲನ

ಬಂದೂಕು ಹಕ್ಕುಗಳ ಸಂಘಟನೆಯಾದ ವರ್ಜೀನಿಯಾ ಸಿಟಿಜನ್ಸ್ ಡಿಫೆನ್ಸ್ ಲೀಗ್‌ನ ಸದಸ್ಯರನ್ನು ಕೌರಿಕ್ ಸಂದರ್ಶಿಸಿದರು. ಪೂರ್ವಾಪರ ಪರಿಶೀಲನೆ ಇಲ್ಲದಿದ್ದರೆ ಅಪರಾಧಿಗಳು ಹಾಗೂ ಭಯೋತ್ಪಾದಕರು ಬಂದೂಕು ಕೊಳ್ಳುವುದನ್ನು ತಡೆಯುವುದು ಹೇಗೆಂದು ಅವರು ಕೇಳಿದರು. ಚಿತ್ರದಲ್ಲಿ ಈ ಪ್ರಶ್ನೆಯ ನಂತರ ಎಂಟೊಂಬತ್ತು ಸೆಕೆಂಡುಗಳ ಕಾಲ ಸದಸ್ಯರು ಉತ್ತರ ತೋಚದವರಂತೆ ಮೌನವಾಗಿ ಕುಳಿತಿರುವುದು ಕಾಣುತ್ತದೆ. ಬಳಿಕ ದೃಶ್ಯ ಬದಲಾಗುತ್ತದೆ.

ಸಂಘಟನೆಯು ತಾನೇ ಮಾಡಿಕೊಂಡಿದ್ದ ಧ್ವನಿಮುದ್ರಣದಲ್ಲಿ ಸದಸ್ಯರು ತಡಮಾಡದೆ ಉತ್ತರಿಸಿದ್ದರು. ಕೆಲವು ವರ್ಗದವರು ಬಂದೂಕು ಹೊಂದುವುದನ್ನು ನಿಷೇಧಿಸುವ ಕಾನೂನುಗಳು ಈಗಾಗಲೇ ಇವೆಯೆಂದೂ, ಅಪರಾಧ ನಡೆಯುವ ಮೊದಲೇ ಅಪರಾಧಿಯನ್ನು ಗುರುತಿಸುವುದು ಸಾಧ್ಯವಿಲ್ಲವೆಂದೂ ಅವರು ವಾದಿಸಿದ್ದರು. ಈ ವಾದಗಳನ್ನು ಒಪ್ಪುವ ಅಥವಾ ತಿರಸ್ಕರಿಸುವ ಅವಕಾಶ ಚಿತ್ರದ ಪ್ರೇಕ್ಷಕರಿಗೆ ದೊರೆಯಲಿಲ್ಲ.

ಪ್ರತಿಕ್ರಿಯೆ

೨೦೧೬ರ ಮೇ ತಿಂಗಳಿನಲ್ಲಿ ಧ್ವನಿಮುದ್ರಣ ಬಹಿರಂಗವಾಯಿತು. ಪ್ರಶ್ನೆಯನ್ನು ಕುರಿತು ಯೋಚಿಸಲು ಪ್ರೇಕ್ಷಕರಿಗೆ ಬಿಡುವು ನೀಡುವುದಕ್ಕಾಗಿ ಮೌನವನ್ನು ಸೇರಿಸಲಾಯಿತೆಂದು ನಿರ್ದೇಶಕಿ ಸಮರ್ಥಿಸಿಕೊಂಡರು. ಆ ಭಾಗವು ಸದಸ್ಯರ ಪ್ರತಿಕ್ರಿಯೆಯನ್ನು ಯಥಾವತ್ತಾಗಿ ತೋರಿಸುವುದಿಲ್ಲವೆಂದು ಕೌರಿಕ್ ಮೇ ೩೦ರಂದು ಒಪ್ಪಿಕೊಂಡು, ಹೊಣೆ ಹೊತ್ತು, ಉತ್ತರಗಳ ಲಿಖಿತ ರೂಪವನ್ನು ಪ್ರಕಟಿಸಿದರು.

ಮಾನನಷ್ಟ ಮೊಕದ್ದಮೆ

೨೦೧೬ರ ಸೆಪ್ಟೆಂಬರ್‌ನಲ್ಲಿ ಸಂಘಟನೆ ಮತ್ತು ಅದರ ಇಬ್ಬರು ಸದಸ್ಯರು ೧.೨ ಕೋಟಿ ಡಾಲರ್ ಪರಿಹಾರ ಕೋರಿ ಮೊಕದ್ದಮೆ ಹೂಡಿದರು. ಸದಸ್ಯರಲ್ಲಿ ಒಬ್ಬರು ಬಂದೂಕು ವ್ಯಾಪಾರಿ, ಇನ್ನೊಬ್ಬರು ವಕೀಲರು. ತಮ್ಮ ವೃತ್ತಿಗೆ ತಾವು ಅನರ್ಹರೆಂಬ ಭಾವನೆಯನ್ನು ಚಿತ್ರ ಮೂಡಿಸುತ್ತದೆ ಎಂಬುದು ಅವರ ದೂರು. ೨೦೧೭ರಲ್ಲಿ ಒಕ್ಕೂಟದ ಜಿಲ್ಲಾ ನ್ಯಾಯಾಲಯ ಮೊಕದ್ದಮೆಯನ್ನು ವಜಾಗೊಳಿಸಿತು. ೨೦೧೮ರ ಡಿಸೆಂಬರ್‌ನಲ್ಲಿ ನಾಲ್ಕನೆಯ ವಲಯದ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಜಟಿಲವಾದ ನೀತಿಪ್ರಶ್ನೆಯೊಂದಕ್ಕೆ ಉತ್ತರಿಸಲು ತಡವರಿಸಿದಂತೆ ತೋರಿಸಿದರೆ ವ್ಯಕ್ತಿಯ ಮಾನಹಾನಿಯಾಗದು ಎಂಬುದು ತೀರ್ಪಿನ ಸಾರ. ಸಂಕಲನವು ನಿಜವನ್ನು ಬದಲಿಸಿತೆಂದು ಪತ್ರಕರ್ತೆಯೇ ಒಪ್ಪಿಕೊಂಡಿದ್ದರೂ, ಕಾನೂನಿನ ದೃಷ್ಟಿಯಲ್ಲಿ ಅದು ಮಾನನಷ್ಟವೆನಿಸಲಿಲ್ಲ.